ಎರಡು ಕುಂಡ, ಹತ್ತು ವರ್ಷ

ಕೆ.ಆರ್. ಪುರದ ಪಿಜಿಗಳ ಟೆರೇಸಿನಲ್ಲಿ ರಾತ್ರಿ ಹನ್ನೊಂದರ ಮೇಲೆ ನಿಂತರೆ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಡೀಲರ್ ಹತ್ರ ಹೋಗೋದಕ್ಕಿಂತ ರೂಮಲ್ಲೇ ಎರಡು ಗಿಡ ಹಾಕ್ಕೊಳ್ಳೋದು ಸೇಫ್ ಮಗಾ." ಹೇಳುವವರು ಕೆಟ್ಟವರೇನಲ್ಲ, ದಡ್ಡರಂತೂ ಅಲ್ವೇ ಅಲ್ಲ. ಅವರ ಲೆಕ್ಕ ಕೇಳಿದರೆ ಸರಿಯಾಗೇ ಇದೆ ಅನಿಸುತ್ತೆ. ರಸ್ತೆಗೆ ಇಳಿಯೋ ಹಾಗಿಲ್ಲ, ದುಡ್ಡು ಕೈ ಬದಲಾಗಲ್ಲ, ಯಾರಿಗೂ ತೊಂದರೆ ಇಲ್ಲ. ಆದರೆ ಕಾನೂನಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಇದನ್ನು ನಮಗೆ ಯಾರೂ ಹೇಳಿಲ್ಲ ಅನ್ನೋದೇ ನಮ್ಮ ತಕರಾರು.

ಮೊದಲು ಗಿಡದ ವಿಷಯ. ಇಂಟರ್ನೆಟ್‌ನಲ್ಲಿ 'ಕ್ಲೋನ್' ಅಂತ ದೊಡ್ಡದಾಗಿ ಹೇಳೋದು ನಮ್ಮಜ್ಜಿ ದಾಸವಾಳಕ್ಕೆ, ನುಗ್ಗೆಗೆ ಮಾಡ್ತಾ ಬಂದ ಕೆಲಸವೇ: ಒಂದು ಕಡ್ಡಿ ಮುರಿದು ನೆಡೋದು. (ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ 'ಕಡ್ಡಿ ನೆಡೋದು' ಅನ್ನೋದಕ್ಕಿಂತ ಮೊದಲು 'ಕ್ಲೋನ್' ಗೊತ್ತಾಯ್ತು, ಅದು ಬೇರೆ ಕಥೆ.) ಗಾಂಜಾದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಅಮಲಿನ ಅಂಶ ಹೆಚ್ಚಿರೋದು ಹೆಣ್ಣು ಗಿಡದ ಹೂ ಗೊಂಚಲಿನಲ್ಲಿ. ಬೀಜ ಹಾಕಿದರೆ ಯಾವುದು ಬರುತ್ತೋ ಗೊತ್ತಿಲ್ಲ, ಹೆಣ್ಣು ಗಿಡದ ಕಡ್ಡಿ ನೆಟ್ಟರೆ ಅದೇ ತಾಯಿಯ ಪಡಿಯಚ್ಚು. ಕಡ್ಡಿ ಮೊದಲು ಬಾಡುತ್ತೆ, ಬೇರು ಬಿಟ್ಟು ಚೇತರಿಸಿಕೊಳ್ಳುತ್ತೆ, ಎಲೆ ಹರಡುತ್ತೆ, ಬೆಳಕಿನ ಅವಧಿ ಕಮ್ಮಿಯಾದಾಗ ಹೂ ಬಿಡುತ್ತೆ, ಆಮೇಲೆ ಕೊಯ್ಲು. ಎಲ್ಲ ಸೇರಿ ಕೆಲವು ತಿಂಗಳ ಕೆಲಸ. ಎಲ್‌ಇಡಿ, ಸೆನ್ಸರ್, ಪಂಪ್ ಅಂದ್ರೆ ಕಣ್ಣರಳಿಸೋ ನಮ್ಮಂಥವರಿಗೆ ಇದು ಮಿನಿ ಪ್ರಾಜೆಕ್ಟ್ ಥರ ಕಾಣೋದರಲ್ಲಿ ಆಶ್ಚರ್ಯ ಇಲ್ಲ. ವಿಡಿಯೋಗಳಲ್ಲಿ ವಾರ ವಾರಕ್ಕೆ ಲೆಕ್ಕ ಇಡ್ತಾರೆ: ಇದು ಮೂರನೇ ವಾರ, ಇದು ಏಳನೇ ವಾರ.

ಕಾನೂನು ವಾರ ಎಣಿಸಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 'ಗಾಂಜಾ' ಅಂದ್ರೆ ಹೂ ಅಥವಾ ಕಾಯಿ ಬಿಟ್ಟ ತುದಿ. ಬರೀ ಬೀಜ, ಬರೀ ಎಲೆ ಅದರಲ್ಲಿ ಸೇರಲ್ಲ. ಈ ಒಂದು ಸಾಲು ಕ್ಯಾಂಪಸ್‌ನಲ್ಲಿ ತುಂಬಾ ಓಡಾಡುತ್ತೆ. 2022ರಲ್ಲಿ ನಮ್ಮ ಹೈಕೋರ್ಟ್ ಭಂಗ್ ಈ ಕಾಯ್ದೆಯಲ್ಲಿ ಹೆಸರಿಸಿದ ಮಾದಕ ವಸ್ತು ಅಲ್ಲ ಅಂತ ಹೇಳಿ ಒಬ್ಬರಿಗೆ ಜಾಮೀನು ಕೊಟ್ಟ ಮೇಲಂತೂ "ಹೂ ಬಿಡೋವರೆಗೂ ಏನೂ ಆಗಲ್ಲ" ಅನ್ನೋ ನಂಬಿಕೆ ಇನ್ನೂ ಗಟ್ಟಿಯಾಯ್ತು. ಆದರೆ ಅದೇ ಕಾಯ್ದೆ ಗಿಡಕ್ಕೆ ಬೇರೆ ವ್ಯಾಖ್ಯೆ ಕೊಟ್ಟಿದೆ: ಕ್ಯಾನಬಿಸ್ ಕುಲಕ್ಕೆ ಸೇರಿದ ಯಾವುದೇ ಸಸ್ಯ. ಗಂಡೋ ಹೆಣ್ಣೋ, ಹೂ ಇದೆಯೋ ಇಲ್ವೋ ಕೇಳಲ್ಲ. ಬೇರು ಬಿಟ್ಟ ಕಡ್ಡಿ ಚೇತರಿಸಿಕೊಳ್ತಾ ಇರೋ ಮೊದಲ ವಾರವೂ ಒಂದೇ, ಕೊಯ್ಲಿನ ದಿನವೂ ಒಂದೇ.

ಈಗ ಶಿಕ್ಷೆ ನೋಡಿ. ಒಂದು ಕೆಜಿವರೆಗಿನ ಗಾಂಜಾ 'ಸಣ್ಣ ಪ್ರಮಾಣ'. ಅದನ್ನು ಇಟ್ಟುಕೊಂಡವರಿಗೆ ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಿಡ ಬೆಳೆಸಿದವರಿಗೆ? ಸೆಕ್ಷನ್ 20ರ ಮೊದಲ ಭಾಗ: ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಅಲ್ಲಿ ಸಣ್ಣದು, ದೊಡ್ಡದು ಅಂತ ಭೇದವೇ ಇಲ್ಲ. ಹತ್ತಿ ಹೊಲದ ಮಧ್ಯೆ ಸಾಲು ಸಾಲಾಗಿ ಬೆಳೆದವರೂ, ಕಿಟಕಿ ಪಕ್ಕ ಎರಡು ಕುಂಡ ಇಟ್ಟವರೂ ಒಂದೇ ಸೆಕ್ಷನ್‌ಗೆ ಬರ್ತಾರೆ. ಎಷ್ಟು ಶಿಕ್ಷೆ ಅನ್ನೋದು ನ್ಯಾಯಾಧೀಶರಿಗೆ ಬಿಟ್ಟಿದ್ದು, ನಿಜ. ಆದರೆ ಎಫ್‌ಐಆರ್‌ನಲ್ಲಿ ಕಾಣೋದು ಹತ್ತು ವರ್ಷದ ಸೆಕ್ಷನ್. ಅಂದರೆ ಡೀಲರ್‌ಗೆ ಹೆದರಿ ಮನೆಯಲ್ಲೇ ಬೆಳೆಸೋಣ ಅಂತ ಹೊರಟವರು ಒಂದು ವರ್ಷದ ಅಪಾಯ ಬಿಟ್ಟು ಹತ್ತು ವರ್ಷದ್ದನ್ನು ತಲೆ ಮೇಲೆ ಹಾಕಿಕೊಂಡ ಹಾಗೆ.

ಇನ್ನೂ ಇದೆ. ವ್ಯಸನಕ್ಕೆ ಬಿದ್ದವರು ತಾವಾಗೇ ಚಿಕಿತ್ಸೆಗೆ ಒಪ್ಪಿಕೊಂಡರೆ ವಿಚಾರಣೆಯಿಂದ ವಿನಾಯಿತಿ ಕೊಡೋ ಸೆಕ್ಷನ್ 64ಎ ಅಂತ ಒಂದಿದೆ. ಒಳ್ಳೆಯ ಸೆಕ್ಷನ್, ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕು. ಆದರೆ ಅದು ಹೇಳೋದು ಸೇವನೆ ಮತ್ತು ಸಣ್ಣ ಪ್ರಮಾಣದ ಅಪರಾಧಗಳ ಬಗ್ಗೆ. ಬೆಳೆಸೋದಕ್ಕೆ ಸಣ್ಣ ಪ್ರಮಾಣ ಅನ್ನೋದೇ ಇಲ್ಲ. ಮೊದಲ ತಪ್ಪು ಅಂತ ಒಳ್ಳೆಯ ನಡತೆಯ ಮೇಲೆ ಬಿಡೋ ಪ್ರೊಬೇಷನ್ ಅವಕಾಶವೂ ಹದಿನೆಂಟು ದಾಟಿದವರಿಗೆ ಇಲ್ಲಿ ಸಿಗಲ್ಲ. ನಮಗೆಲ್ಲ ಹತ್ತೊಂಬತ್ತು, ಇಪ್ಪತ್ತು.

ರೂಮ್‌ಮೇಟ್ ಮಾತು ಬೇರೆ. ತಾನಿರೋ ಕೋಣೆಯನ್ನು ಇಂಥ ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟವರಿಗೆ ಸೆಕ್ಷನ್ 25ರ ಪ್ರಕಾರ ಅದೇ ಶಿಕ್ಷೆ. ಮನಸ್ಸಿನಲ್ಲಿ ಆ ಉದ್ದೇಶ ಇತ್ತು ಅಂತ ಕೋರ್ಟ್ ಮೊದಲೇ ಊಹಿಸಿಕೊಳ್ಳುತ್ತೆ, ಇರಲಿಲ್ಲ ಅಂತ ಸಾಬೀತು ಮಾಡೋ ಹೊಣೆ ಆರೋಪಿಯದ್ದು. ತ್ರೀ-ಶೇರಿಂಗ್ ರೂಮಿನಲ್ಲಿ ಒಬ್ಬನ 'ಪ್ರಾಜೆಕ್ಟ್' ಇನ್ನಿಬ್ಬರ ಪಾಸ್‌ಪೋರ್ಟ್, ಪ್ಲೇಸ್‌ಮೆಂಟ್, ಊರಲ್ಲಿರೋ ಅಪ್ಪ ಅಮ್ಮನ ನಿದ್ದೆ ಎಲ್ಲವನ್ನೂ ಪಣಕ್ಕಿಡುತ್ತೆ. "ನನ್ನ ಗಿಡ, ನನ್ನ ಇಷ್ಟ" ಅನ್ನೋ ವಾದ ಇಲ್ಲಿ ನಿಲ್ಲಲ್ಲ.

ಇದೆಲ್ಲ ಪುಸ್ತಕದ ಮಾತು ಅನ್ನೋರಿಗೆ: 2021ರಲ್ಲಿ ಬಿಡದಿಯ ವಿಲ್ಲಾ ಒಂದರಲ್ಲಿ ಮಣ್ಣಿಲ್ಲದೆ ಹೈಡ್ರೋಪಾನಿಕ್ಸ್‌ನಲ್ಲಿ ಬೆಳೆಸುತ್ತಿದ್ದ ಗಿಡಗಳನ್ನು ಸಿಸಿಬಿ ಹಿಡಿಯಿತು. 2023ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಕೃತಕ ಬೆಳಕಿನಲ್ಲಿ ಬೆಳೆಸಿದ ಆರೋಪದ ಮೇಲೆ ಬಂಧನವಾದವರು ಮೆಡಿಕಲ್ ವಿದ್ಯಾರ್ಥಿಗಳು. 2024ರ ನವೆಂಬರ್‌ನಲ್ಲಿ ಎಂ.ಎಸ್.ಆರ್. ನಗರದ ದಂಪತಿ ಬಾಲ್ಕನಿಯ ಕುಂಡಗಳ ಫೋಟೊ ಫೇಸ್‌ಬುಕ್‌ಗೆ ಹಾಕಿ ಸಿಕ್ಕಿಬಿದ್ದರು. ಕೊನೆಯದು ಓದಿ ನಗು ಬರುತ್ತೆ. ಅವರಿಗೆ ಬಂದಿರಲಿಕ್ಕಿಲ್ಲ.

ಹಾಗಂತ ಈ ಕಾನೂನು ಸರಿಯಾಗಿದೆ ಅಂತ ನಾವು ಹೇಳ್ತಿಲ್ಲ. ಎರಡು ಕುಂಡಕ್ಕೂ ಎರಡು ಎಕರೆಗೂ ಒಂದೇ ಸೆಕ್ಷನ್ ಅನ್ನೋದು ಅನ್ಯಾಯ, ಕೊಂಡವರಿಗಿಂತ ತಮಗಾಗಿ ಬೆಳೆದವರಿಗೆ ಹತ್ತು ಪಟ್ಟು ಹೆಚ್ಚು ಅನ್ನೋದು ತರ್ಕಕ್ಕೆ ಸಿಗದ ಮಾತು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರು ಮನೆಯಲ್ಲಿ ಮೂರು ಗಿಡ ಇಟ್ಟುಕೊಳ್ಳಬಹುದು. ನಮ್ಮಲ್ಲೇ ಉತ್ತರಾಖಂಡ 2018ರಿಂದ ಅಮಲಿಲ್ಲದ ಹೆಂಪ್ ಬೆಳೆಗೆ ಲೈಸೆನ್ಸ್ ಕೊಡುತ್ತೆ. ಬೆಳೆಸೋದಕ್ಕೂ ಒಂದು 'ಸಣ್ಣ ಪ್ರಮಾಣ' ಇರಲಿ, 64ಎ ಅವರಿಗೂ ಸಿಗಲಿ. ಇಷ್ಟು ಕೇಳೋದು ಗಾಂಜಾ ಪರ ಅಲ್ಲ. ಎಳೆ ವಯಸ್ಸಿನಲ್ಲಿ, ಅದರಲ್ಲೂ ಅಮಲು ಜಾಸ್ತಿ ಇರೋ ತಳಿಗಳನ್ನು ದಿನಾ ಸೇದಿದರೆ ಸೈಕೋಸಿಸ್ ಅಪಾಯ ಹೆಚ್ಚು ಅಂತ ಡಾಕ್ಟರುಗಳು ಹೇಳ್ತಾರೆ. ಒಳಾಂಗಣದಲ್ಲಿ ಕಡ್ಡಿಯಿಂದ ಬೆಳೆಸೋದು ಸಾಮಾನ್ಯವಾಗಿ ಅಂಥ ತಳಿಗಳನ್ನೇ. ನಮಗೆ ಅದೂ ಗೊತ್ತಿದೆ.

ಕಾನೂನು ಬದಲಾಗೋದು ದಿಲ್ಲಿಯಲ್ಲಿ, ಅದಕ್ಕೆ ವರ್ಷಗಳೇ ಬೇಕು. ಕಾಲೇಜು ಬದಲಾಗೋದಕ್ಕೆ ಒಂದು ಮಧ್ಯಾಹ್ನ ಸಾಕು. ಪ್ರತಿ ಜೂನ್ 26ಕ್ಕೆ ಆಡಿಟೋರಿಯಂನಲ್ಲಿ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿಸ್ತಾರೆ, ಗ್ರೂಪ್ ಫೋಟೊ ತೆಗೀತಾರೆ, ಬಿಸ್ಕೆಟ್ ಕೊಟ್ಟು ಕಳಿಸ್ತಾರೆ. ಸೆಕ್ಷನ್ 20, 25, 64ಎ, ಈ ಮೂರು ಅಂಕಿ ಅಲ್ಲಿ ಯಾರೂ ಉಚ್ಚರಿಸಿದ್ದು ಕೇಳಿಲ್ಲ. ಮುಂದಿನ ಸಲ ಪ್ರತಿಜ್ಞೆಯ ಬದಲು ಒಬ್ಬ ವಕೀಲರನ್ನು ಕರೆಸಿ ಒಂದು ಗಂಟೆ ಕನ್ನಡದಲ್ಲಿ ಮಾತಾಡಿಸಲಿ, ಪ್ರಶ್ನೆ ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಕೊಡೋಕೆ ಬಿಡಲಿ. ಹಾಸ್ಟೆಲ್ ನೋಟಿಸ್ ಬೋರ್ಡ್‌ನಲ್ಲಿ ಮೆಸ್ ಮೆನು ಪಕ್ಕ ಎರಡು ನಂಬರ್ ಬರೀಲಿ: ವ್ಯಸನ ಬಿಡಲು ಸಹಾಯ ಬೇಕಾದವರಿಗೆ 14446, ಮನಸ್ಸು ಸರಿಯಿಲ್ಲ ಅನಿಸಿದವರಿಗೆ ಟೆಲಿ ಮಾನಸ್‌ನ 14416. ಎರಡೂ ಉಚಿತ. ಅಲ್ಲಿವರೆಗೆ ಈ ಪುಟವನ್ನು ಪಿಜಿ ವಾಟ್ಸಾಪ್ ಗ್ರೂಪಿಗೆ ಹಾಕಿ. "ಗಿಡ ಸೇಫ್" ಅಂತ ಹೇಳಿದವನು ಅದೇ ಗ್ರೂಪಿನಲ್ಲಿರ್ತಾನೆ.