ಕೆಟ್ಟ ಸರ್ಕ್ಯೂಟ್ ಕೊಟ್ಟು ನೋಡಿ ಸಾರ್

“ಏನ್ಲಾ, ಮೂರ್ ವರ್ಸದಿಂದ ಕರೆಂಟೇ ಓದ್ತಾ ಇದ್ದೀಯ. ಒಂದು ಹಾರ್ನ್ ಕೂಗ್ಸಕ್ಕಾಗಲ್ವಾ ನಿಂಗೆ?”

ದಸರಾ ರಜೆಗೆಂದು ಮಂಡ್ಯದ ಹತ್ತಿರದ ನಮ್ಮೂರಿಗೆ ಹೋದ ದಿನವೇ ಅಪ್ಪ ಕೇಳಿದ ಪ್ರಶ್ನೆ ಇದು. ನಾನು ಎಲೆಕ್ಟ್ರಿಕಲ್ ವಿಭಾಗದಲ್ಲಿ ಬಿಇ ಐದನೇ ಸೆಮಿಸ್ಟರ್. ಟ್ರಾನ್ಸ್‌ಫಾರ್ಮರಿನ ಈಕ್ವಿವಲೆಂಟ್ ಸರ್ಕ್ಯೂಟ್ ಬರೆ ಎಂದರೆ ಕಣ್ಣು ಮುಚ್ಚಿಕೊಂಡು ಬರೆಯುತ್ತೇನೆ. ಅಪ್ಪನ ಸ್ಪ್ಲೆಂಡರ್ ಮುಂದೆ ನಿಂತಾಗ ಮಾತ್ರ ಮೊದಲು ಯಾವ ಸ್ಕ್ರೂ ಬಿಚ್ಚಬೇಕು ಎಂಬುದೇ ಗೊತ್ತಾಗಲಿಲ್ಲ.

ಅದು 2002ರ ಗಾಡಿ, ವಯಸ್ಸಿನಲ್ಲಿ ನನಗೆ ಅಣ್ಣ. ಎಂಜಿನ್ ಈಗಲೂ ಒಂದೇ ಕಿಕ್ಕಿಗೆ ಏಳುತ್ತದೆ. ಸಮಸ್ಯೆ ಇದ್ದದ್ದು ವೈರಿಂಗಿನಲ್ಲಿ. ಹಾರ್ನ್ ಒತ್ತಿದರೆ ನೆಗಡಿಯಾದ ಕೋಳಿಯ ದನಿ. ಮುಂದಿನ ಇಂಡಿಕೇಟರ್‌ಗಳು ಮಂಕಾಗಿ ಹೊತ್ತಿಕೊಂಡು ಹಾಗೇ ನಿಲ್ಲುತ್ತಿದ್ದವು, ಮಿಣುಕುತ್ತಿರಲಿಲ್ಲ. ಹೆಡ್‌ಲೈಟ್ ಹಣತೆಯಂತೆ. ಹಿಂದಿನ ಬ್ರೇಕ್ ಲೈಟ್ ಒಂದು ಮಾತ್ರ ಝಗಮಗ.

ನಗಬೇಡಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸ ಮುಗಿಸಿ ರಾತ್ರಿ ಒಂಬತ್ತರ ಮೇಲೆ ನಾಲೆ ಏರಿಯ ಮೇಲಿನ ರಸ್ತೆಯಲ್ಲಿ ಬರಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ತಡೆಗೋಡೆ ಇಲ್ಲ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್‌ಗಳು ಬರುತ್ತಿರುತ್ತವೆ. ಕೆಲವು ಟ್ರೇಲರ್‌ಗಳಿಗೆ ಹಿಂದೆ ದೀಪವೂ ಇರುವುದಿಲ್ಲ. ಗಾಡಿಯ ಸದ್ದು ಕೇಳುವವರೆಗೂ ಅವ್ವ ಜಗಲಿಯ ಮೇಲೇ ಕೂತಿರುತ್ತಾಳೆ.

ನಾನು ಬರುವ ಮೊದಲೇ ಪಕ್ಕದೂರಿನ ಗ್ಯಾರೇಜಿನಲ್ಲಿ ಗಾಡಿಗೆ ನಾಲ್ಕು ಸಲ ಚಿಕಿತ್ಸೆಯಾಗಿತ್ತು. ಮೊದಲು ಹೊಸ ಬ್ಯಾಟರಿ. ಎರಡು ದಿನ ಪರವಾಗಿಲ್ಲ ಅನಿಸಿತು, ಆಮೇಲೆ ಅದೇ ಕಥೆ. ಆಮೇಲೆ ಫ್ಲಾಷರ್, ಹಾರ್ನ್, ಕೊನೆಗೆ ರೆಗ್ಯುಲೇಟರ್. ಖರ್ಚು ಎರಡು ಸಾವಿರ ರೂಪಾಯಿ ದಾಟಿತ್ತು. ಬಿಚ್ಚಿದ ಹಳೆಯ ಬ್ಯಾಟರಿ ಗುಜರಿಗೆ ಹೋಗಿತ್ತು. ಅದು ಚೆನ್ನಾಗಿಯೇ ಇತ್ತು ಎಂದು ನನಗೀಗ ಅನುಮಾನ.

ಮೊದಲ ಸಂಜೆ ನಾನೂ ಅದೇ ದಾರಿ ಹಿಡಿದೆ, ಅಂದರೆ ಊಹೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಹಾರ್ನ್ ಸ್ವಲ್ಪ ಜೋರಾಗುತ್ತಿತ್ತು. ಹಳೆಯ ಗಾಡಿಗಳಲ್ಲಿ ಹ್ಯಾಂಡಲ್ ತಿರುಗಿ ತಿರುಗಿ ಕುತ್ತಿಗೆಯ ಹತ್ತಿರ ವೈರು ಒಳಗೊಳಗೇ ತುಂಡಾಗುವುದು ಮಾಮೂಲು. ಸಿಕ್ಕಿತು ಎಂದುಕೊಂಡು ಪೆಟ್ರೋಲ್ ಟ್ಯಾಂಕ್ ಇಳಿಸಿ ವೈರಿನ ಕಟ್ಟನ್ನೆಲ್ಲ ಬಿಡಿಸಿದೆ. ಒಂದೂ ತುಂಡಾಗಿರಲಿಲ್ಲ. ಮಲ್ಟಿಮೀಟರ್ ಹಿಡಿದರೆ ಎಲ್ಲ ಕಡೆ 12.4 ವೋಲ್ಟ್. ಹಾರ್ನಿನ ತುದಿಯಲ್ಲೂ 12.4! ಕರೆಂಟು ಇದೆ, ಕೂಗು ಇಲ್ಲ. ಅಪ್ಪ ಬೀಡಿ ಹಚ್ಚಿಕೊಂಡು ನೋಡುತ್ತಿದ್ದರು, ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ರಾತ್ರಿ ಮಲಗಿದಾಗ ಹೊಳೆಯಿತು. ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ತಪ್ಪು ಪ್ರಶ್ನೆ ಕೇಳಿದ್ದೆ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಎಳೆದುಕೊಳ್ಳುವ ಕರೆಂಟು ಇಲ್ಲವೆಂಬಷ್ಟು ಕಡಿಮೆ. ದಾರಿಯಲ್ಲಿ ತುಕ್ಕು ಹಿಡಿದ ಜಾಯಿಂಟು ನಾಲ್ಕು ಓಮ್ ಅಡ್ಡ ನಿಂತಿದ್ದರೂ ಮೀಟರಿಗೆ ಗೊತ್ತಾಗುವುದಿಲ್ಲ. ಬಲ್ಬು, ಹಾರ್ನು ಕೆಲಸ ಮಾಡುವಾಗ ಮಾತ್ರ ಆ ನಾಲ್ಕು ಓಮ್ ವೋಲ್ಟೇಜ್ ನುಂಗುತ್ತದೆ. ಅಂದರೆ ಅಳೆಯಬೇಕಾದದ್ದು ಲೋಡ್ ಆನ್ ಇದ್ದಾಗ. ಇದು ಓಮನ ನಿಯಮ. ಪಿಯುಸಿಯಿಂದ ಬರೆಯುತ್ತಾ ಬಂದಿದ್ದೇನೆ, ಫುಲ್ ಮಾರ್ಕ್ಸ್ ಕೂಡ.

ಎದ್ದು ಕೂತು ನೋಟ್‌ಬುಕ್ಕಿನ ಹಿಂದೆ ಗಾಡಿಯ ವೈರಿಂಗ್ ಬರೆದೆ. ಆ ಕಾಲದ ಸ್ಪ್ಲೆಂಡರಿನಲ್ಲಿ ಹೆಡ್‌ಲೈಟಿಗೂ ಬ್ಯಾಟರಿಗೂ ಸಂಬಂಧವಿಲ್ಲ. ಅದು ಮ್ಯಾಗ್ನೆಟೊದಿಂದ ನೇರವಾಗಿ ಎಸಿ ತೆಗೆದುಕೊಳ್ಳುತ್ತದೆ, ಅದಕ್ಕೇ ಎಕ್ಸಿಲರೇಟರ್ ಕೊಟ್ಟಷ್ಟೂ ಬೆಳಕು. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಬ್ಯಾಟರಿಯವು. ಹಾಗಿದ್ದರೆ ಹೆಡ್‌ಲೈಟೂ ಹಾರ್ನೂ ಒಟ್ಟಿಗೇ ಸೊರಗಲು ಬ್ಯಾಟರಿ ಹೇಗೆ ಕಾರಣವಾಗುತ್ತದೆ? ಬ್ಯಾಟರಿ ಸತ್ತಿದ್ದರೆ ಬ್ರೇಕ್ ಲೈಟ್ ಯಾಕೆ ಝಗಮಗ? ಎರಡೂ ಮನೆಗೆ ಸೇರಿದ ಒಂದೇ ಒಂದು ವಸ್ತು ಹಸಿರು ವೈರು, ಅರ್ಥಿಂಗ್. ಅದೂ ಮುಂಭಾಗದ್ದು. ಹ್ಯಾಂಡಲ್ ತಿರುಗಿಸಿದಾಗ ಹಾರ್ನ್ ಬದಲಾಗುತ್ತಿದ್ದುದೂ ಅದಕ್ಕೇ ಇರಬೇಕು. ಸರಿಯಾದ ದಾರಿ ಮುಚ್ಚಿದ ಕರೆಂಟು ಗ್ರೀಸ್ ಹಚ್ಚಿದ ಸ್ಟೀರಿಂಗ್ ಬಾಲ್‌ಗಳ ಮೂಲಕ ನುಸುಳಿ ವಾಪಸ್ ಹೋಗುತ್ತಿತ್ತು.

ಬೆಳಿಗ್ಗೆ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಮುಂದಿನ ಇಂಡಿಕೇಟರಿನ ಹಸಿರು ವೈರಿಗೆ ಇಟ್ಟು ಇಂಡಿಕೇಟರ್ ಹಾಕಿದೆ. ಒಂದೇ ವೈರಿನ ಎರಡು ತುದಿ, ಸೊನ್ನೆಯ ಹತ್ತಿರ ಇರಬೇಕು. ತೋರಿಸಿದ್ದು 3.1. ಹಾರ್ನನ್ನೂ ಒತ್ತಿದೆ, ಐದು ದಾಟಿತು. ಕಿರ್ಚಾಫ್ ಸಾಹೇಬರ ಲೆಕ್ಕದ ಪ್ರಕಾರ ಕಳೆದುಹೋದ ವೋಲ್ಟು ಅಲ್ಲಿ ಸಿಕ್ಕಿತ್ತು. ಹೆಡ್‌ಲೈಟ್ ಬಿಚ್ಚಿ, ಹಸಿರು ವೈರು ಹಿಡಿದುಕೊಂಡು ಹೋದರೆ ಕಪ್ಪು ಟೇಪು ಸುತ್ತಿದ ಒಂದು ಗಂಟು. ಟೇಪು ಕಿತ್ತರೆ ತಾಮ್ರದ ಎಳೆಗಳು ಪಾಚಿಗಟ್ಟಿದ ಹಾಗೆ ಹಸಿರಾಗಿದ್ದವು. ಮುಟ್ಟಿದರೆ ಪುಡಿ.

ಆ ಟೇಪು ಸುತ್ತಿದ್ದವನು ನಾನೇ.

ಸೆಕೆಂಡ್ ಪಿಯುಸಿಯಲ್ಲಿ ಅಪ್ಪನಿಗೆ ರಾತ್ರಿ ಚೆನ್ನಾಗಿ ಕಾಣಲಿ ಎಂದು ಒಂದು ಎಲ್‌ಇಡಿ ದೀಪ ಹಾಕಿಕೊಟ್ಟಿದ್ದೆ. ಹಸಿರು ವೈರನ್ನು ಮಧ್ಯೆ ಕತ್ತರಿಸಿ, ಹಲ್ಲಿನಲ್ಲಿ ಸಿಪ್ಪೆ ಸುಲಿದು, ತಿರುಚಿ, ಟೇಪು ಸುತ್ತಿದ್ದೆ. ದೀಪ ಹೊತ್ತಿದಾಗ ಬೀದಿಯವರೆಲ್ಲ “ಎಂಜಿನಿಯರ್ ಆಗ್ತಾನೆ ಬುಡು” ಎಂದಿದ್ದರು. ಆ ದೀಪ ಆರು ತಿಂಗಳಲ್ಲಿ ಕೆಟ್ಟು ಕಿತ್ತು ಹಾಕಿದೆವು, ಗಂಟು ಮಾತ್ರ ಮೂರು ಮಳೆಗಾಲ ಅಲ್ಲೇ ನೆನೆಯಿತು.

ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ವೈರು ಸೇರಿಸಿ ಬೆಸುಗೆ ಹಾಕಿ, ಸ್ಲೀವ್ ಏರಿಸಿ ಕಾಯಿಸಿದೆ. ಅದುರುವ ಕಡೆ ಬೆಸುಗೆಗಿಂತ ಕ್ರಿಂಪ್ ವಾಸಿ ಅನ್ನುವವರಿದ್ದಾರೆ, ಒಪ್ಪುತ್ತೇನೆ. ಆದರೆ ಊರಿನಲ್ಲಿ ಸಿಕ್ಕಿದ್ದು ಬೆಸುಗೆ ಕಡ್ಡಿ. ಖರ್ಚು ಮೂವತ್ತು ರೂಪಾಯಿಯೊಳಗೆ. ಮತ್ತೆ ಅಳೆದೆ, 0.1. ಹಾರ್ನ್ ಒತ್ತಿದರೆ ಹಟ್ಟಿಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಎಕ್ಸಿಲರೇಟರ್ ಕೊಟ್ಟು ಬ್ಯಾಟರಿ ನೋಡಿದೆ, 14.2, ಚಾರ್ಜಿಂಗ್ ಸರಿಯಾಗಿಯೇ ಇದೆ.

ಈಗ ನನ್ನ ತಕರಾರು ಹೇಳುತ್ತೇನೆ. ಎರಡು ವರ್ಷ ಲ್ಯಾಬ್‌ಗಳಲ್ಲಿ ಕೂತು ನಾನು ಒಂದೇ ಒಂದು ಕೆಟ್ಟ ಸರ್ಕ್ಯೂಟನ್ನು ಪರೀಕ್ಷೆಯಾಗಿ ಪಡೆದಿಲ್ಲ. ನಮಗೆ ಸಿಗುವುದೆಲ್ಲ ಕೆಲಸ ಮಾಡುವ ವಸ್ತು. ಫ್ಯೂಸ್ ಹೋದರೆ ಲ್ಯಾಬ್ ಸಹಾಯಕರು ಬಂದು ಹಾಕುತ್ತಾರೆ. ರೀಡಿಂಗ್ ತಪ್ಪಿದರೆ ಸೀನಿಯರ್‌ಗಳ ರೆಕಾರ್ಡ್ ನೋಡಿ ಹೊಂದಿಸುತ್ತೇವೆ. ಇದು ನಿಮಗೂ ಗೊತ್ತು, ನಟಿಸುವುದು ಬೇಡ. ಮೂರು ಗಂಟೆಯಾದ ಮೇಲೆ ವೈರೆಲ್ಲ ಕಿತ್ತು ಡ್ರಾಯರಿಗೆ ಹಾಕುತ್ತೇವೆ. ನಾವು ಹಾಕಿದ ಜಾಯಿಂಟು ಮೂರು ಮಳೆಗಾಲ ಕಳೆದ ಮೇಲೆ ಹೇಗಿರುತ್ತದೆ ಎಂದು ನೋಡುವ ಪ್ರಸಂಗವೇ ಬರುವುದಿಲ್ಲ. ವರ್ಷಕ್ಕೆ ಒಂದು ಲ್ಯಾಬ್ ಪರೀಕ್ಷೆಯಲ್ಲಾದರೂ ಮೇಷ್ಟ್ರುಗಳು ಬೇಕಂತಲೇ ಕೆಡಿಸಿದ ಸರ್ಕ್ಯೂಟ್ ಕೊಡಲಿ. ಬಿಡಿಭಾಗ ಬದಲಾಯಿಸುವಂತಿಲ್ಲ, ಎಲ್ಲಿ ಕೆಟ್ಟಿದೆ, ಯಾವ ಅಳತೆಯಿಂದ ತಿಳಿಯಿತು ಎಂದು ಬರೆದರೆ ಮಾರ್ಕ್ಸ್. ಫೇಲ್ ಆಗುವವರಲ್ಲಿ ನಾನೂ ಇರಬಹುದು, ಆದರೂ ಕೇಳುತ್ತೇನೆ.

ಗ್ಯಾರೇಜಿನವರ ಮೇಲೆ ನನಗೆ ಸಿಟ್ಟಿಲ್ಲ. ಅರ್ಧ ದಿನ ವೈರು ಹುಡುಕಿ ಇನ್ನೂರು ರೂಪಾಯಿ ಕೇಳಿದರೆ ನಮ್ಮಪ್ಪನೇ ಜಗಳ ತೆಗೆಯುತ್ತಿದ್ದರು. ಫಳಫಳಿಸುವ ಹೊಸ ಬ್ಯಾಟರಿ ತೋರಿಸಿ ಸಾವಿರ ಕೇಳಿದರೆ ತಲೆಯಾಡಿಸಿ ಕೊಡುತ್ತಾರೆ. ಹುಡುಕುವುದಕ್ಕೆ ಕೂಲಿ ಇಲ್ಲ, ಬದಲಾಯಿಸುವುದಕ್ಕಿದೆ. ಹಾಗಿರುವಾಗ ಅವರಾದರೂ ಯಾಕೆ ಹುಡುಕಬೇಕು? ನಾಳೆ ಕ್ಯಾಂಪಸ್ಸಿನಿಂದ ಆಚೆ ಬಂದ ಮೇಲೆ ನಮ್ಮ ಸಂಬಳವೂ ಇದೇ ತಕ್ಕಡಿಯಲ್ಲಿ ತೂಗುತ್ತದೆಯೇನೋ ಎಂದು ಆಗಾಗ ಅನಿಸುತ್ತದೆ.

ಗಂಟಿನ ವಿಷಯ ಅಪ್ಪನಿಗೆ ಊಟಕ್ಕೆ ಕೂತಾಗ ಹೇಳಿದೆ. ಮುದ್ದೆ ಮುರಿಯುತ್ತಾ “ಎರಡು ಸಾವ್ರ ಪಾಠದ ಫೀಸು ಅನ್ಕೊ” ಎಂದರು, ಅಷ್ಟೇ. ಆ ರಾತ್ರಿ ನಾಲೆ ಏರಿಯ ತಿರುವಿನಿಂದಲೇ ಹಾರ್ನ್ ಹೊಡೆದುಕೊಂಡು ಬಂದರು. ಅವ್ವ ಎದ್ದು ತಟ್ಟೆ ಹಾಕಿದಳು.

ಸುದ್ದಿ ಹಬ್ಬಿ, ಮಾರನೇ ದಿನ ಪಕ್ಕದ ಮನೆಯವರು ಮೊಪೆಡ್ ತಳ್ಳಿಕೊಂಡು ಬಂದರು. ಹೆಡ್‌ಲೈಟ್ ಹತ್ತುತ್ತಿರಲಿಲ್ಲ. ಒಂದೂವರೆ ಗಂಟೆ ಅಳೆದ ಮೇಲೆ ಸ್ವಿಚ್ಚಿನ ಹಿಂದೆ ಸಡಿಲವಾದ ಪಿನ್ ಸಿಕ್ಕಿತು, ಇಕ್ಕಳದಲ್ಲಿ ಒತ್ತಿ ಸಿಕ್ಕಿಸಿದೆ. ಧೈರ್ಯ ಮಾಡಿ ನೂರು ರೂಪಾಯಿ ಕೇಳಿದೆ.

“ಏನೂ ಹೊಸದು ಹಾಕ್ಲೇ ಇಲ್ವಲ್ಲಪ್ಪ,” ಅಂದರು.