ಲೈಸೆನ್ಸ್ ಬಂತು, ಪರೀಕ್ಷೆ ಬಾಕಿ ಇತ್ತು

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಎಲ್ಲರಿಗೂ ಈ ಸಾಲು ಬಾಯಿಪಾಠ: ‘ಸ್ವಂತ ಬೈಕ್ ಮತ್ತು ಡಿಎಲ್ ಇದ್ದವರಿಗೆ ಆದ್ಯತೆ’. ಸೇಲ್ಸ್, ಸಾಲ ವಸೂಲಿ, ಔಷಧ ಕಂಪನಿ, ಡೆಲಿವರಿ, ಯಾವ ಜಾಹೀರಾತು ನೋಡಿದರೂ ಕೊನೆಗೆ ಇದು ಇದ್ದೇ ಇರುತ್ತದೆ. ಬೈಕ್ ಇದೆಯೇ, ಲೈಸೆನ್ಸ್ ಇದೆಯೇ ಎಂದು ಸಂದರ್ಶನದಲ್ಲಿ ಕೇಳುತ್ತಾರೆ. ಬ್ರೇಕ್ ಹಾಕಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನನ್ನನ್ನೂ ಕೇಳಲಿಲ್ಲ. ಕೇಳಿದ್ದರೆ ‘ಬರುತ್ತದೆ’ ಎಂದೇ ಹೇಳುತ್ತಿದ್ದೆ. ಅದು ಸುಳ್ಳು ಎಂಬುದು ನನಗೇ ಗೊತ್ತಿರಲಿಲ್ಲ.

ನಮ್ಮೂರು ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿ. ಬಿ.ಕಾಂ. ಮುಗಿದ ಮೇಲೆ ಫೀಲ್ಡ್ ಕೆಲಸ ಸಿಕ್ಕಿತು. ದಿನಕ್ಕೆ ನಾಲ್ಕೈದು ಹಳ್ಳಿ ಸುತ್ತಬೇಕು, ಸಂಜೆ ಹುಬ್ಬಳ್ಳಿಗೆ ಹೋಗಿ ಲೆಕ್ಕ ಕೊಡಬೇಕು. ಅಪ್ಪನ ಹಳೆಯ ನೂರು ಸಿಸಿ ಬೈಕೇ ನನ್ನ ಕಾಲು. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟರ ಆಕಾರದ ಹಾದಿಯನ್ನು ಕಾಲು ನೆಲಕ್ಕೆ ಊರದೆ ಸುತ್ತಿ ಬಂದವಳು ನಾನು. ಎಲ್‌ಎಲ್ ಸಿಕ್ಕು 30 ದಿನವಾದ ಮೇಲೆ ಪರೀಕ್ಷೆಗೆ ಹೋಗಬಹುದು. ಆ ಮೂವತ್ತು ದಿನವೂ ನಾನು ಕಲಿತದ್ದು ಎಂಟು ಸುತ್ತುವುದನ್ನು ಮಾತ್ರ.

ಕೆಲಸಕ್ಕೆ ಸೇರಿದ ಮೂರನೇ ವಾರ, ಮಳೆ ನಿಂತ ಒಂದು ಸಂಜೆ. ಹೊಲದಿಂದ ರಸ್ತೆಗೆ ಏರಿದ ಟ್ರ್ಯಾಕ್ಟರ್ ಡಾಂಬರಿನ ಮೇಲೆ ಎರೆಮಣ್ಣು ಬಳಿದು ಹೋಗಿತ್ತು. ಒಣಗಿದಾಗ ಕಲ್ಲಿನಂತಿರುವ ನಮ್ಮ ಎರೆಮಣ್ಣು ಹಸಿಯಾದರೆ ಬೆಣ್ಣೆ. ಅಡ್ಡ ಒಂದು ಎಮ್ಮೆ ಬಂತು. ಹಿಂದಿನ ಬ್ರೇಕನ್ನು ಪೂರ್ತಿ ತುಳಿದೆ. ಹಿಂದಿನ ಗಾಲಿ ಪಕ್ಕಕ್ಕೆ ಜಾರಿತು, ಮುಂದಿನದು ನೆನಪಿಲ್ಲ. ಮೊಣಕೈ, ಮೊಣಕಾಲು ತರಚಿದವು. ಹೆಲ್ಮೆಟ್ ಎಡಗಡೆ ಸೀಳಿತ್ತು. ಎಮ್ಮೆ ಅಲ್ಲೇ ನಿಂತು ನನ್ನನ್ನು ನೋಡುತ್ತಿತ್ತು.

ಅಪ್ಪ ಬೈಯಲಿಲ್ಲ. ಚಾವಿ ತೆಗೆದು ತಮ್ಮ ಕಿಸೆಯಲ್ಲಿ ಇಟ್ಟುಕೊಂಡರು. ‘ನೌಕರಿ ಸಾಕವಾ’ ಅಂದರು. ನನ್ನ ತಮ್ಮ ಎರಡು ಸಲ ಬಿದ್ದಿದ್ದಾನೆ, ಅವನ ಚಾವಿಯನ್ನು ಯಾರೂ ಕಸಿದಿರಲಿಲ್ಲ. ಆದರೆ ಅದನ್ನು ಆಡಿ ತೋರಿಸಲು ನನ್ನ ಬಳಿ ಮುಖವಿರಲಿಲ್ಲ.

ನಮ್ಮ ಓಣಿಯಲ್ಲಿ ಒಬ್ಬರು ಕಾಕಾ ಇದ್ದಾರೆ. ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಡಿಸ್ಪ್ಯಾಚ್ ರೈಡರ್ ಆಗಿದ್ದವರು, ಅಂದರೆ ಮೋಟರ್‌ಸೈಕಲ್ ಮೇಲೆ ಸಂದೇಶ ಒಯ್ಯುವ ಸೈನಿಕ. ಜಬಲ್ಪುರದಲ್ಲಿ ತರಬೇತಿ ಪಡೆದವರು. ನನ್ನ ಕಥೆ ಕೇಳಿ ಅವರಂದರು: ‘ಲೈಸೆನ್ಸ್ ಕೊಟ್ಟಾರಂದ್ರ ನಿನಗ ಗಾಡಿ ಬರ್ತೈತಿ ಅಂತಲ್ಲವಾ. ಇನ್ನ ಮ್ಯಾಲ ಕಲಿಯಾಕ ಪರವಾನಗಿ ಕೊಟ್ಟಾರ ಅಂತ. ಒಂದು ತಿಂಗಳು ತಯಾರಿ ಮಾಡು. ನಾ ಪರೀಕ್ಷೆ ತಗೋತೀನಿ. ಪಾಸಾದ್ರ ನಿಮ್ಮಪ್ಪಗ ನಾ ಹೇಳ್ತೀನಿ.’

ದಿನಾ ಬೆಳಿಗ್ಗೆ ಕಾಕಾ ಅಪ್ಪನ ಹತ್ತಿರ ಚಾವಿ ಇಸಿದುಕೊಂಡು ಬರುತ್ತಿದ್ದರು, ಪಾಠ ಮುಗಿದ ಮೇಲೆ ತಿರುಗಿ ಕೊಡುತ್ತಿದ್ದರು. ಮೊದಲ ವಾರ ರಸ್ತೆಗೇ ಬಿಡಲಿಲ್ಲ. ಊರ ಹೊರಗಿನ ಬಯಲಿನಲ್ಲಿ ನಾಲ್ಕು ಕಲ್ಲು ಇಟ್ಟು ನಡೆಯುವ ವೇಗದಲ್ಲಿ ತಿರುಗಿಸಿದರು. ಹಾಫ್ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಹಗುರ ಕಾಲು, ಕಣ್ಣು ಮಾತ್ರ ಹೋಗಬೇಕಾದ ಕಡೆ. ಕಲ್ಲನ್ನು ನೋಡಿದರೆ ಗಾಡಿ ಕಲ್ಲಿಗೇ ಹೋಗುತ್ತದೆ. ಗುಂಡಿ ತಪ್ಪಿಸಲು ಗುಂಡಿಯನ್ನೇ ನೋಡುತ್ತ ಅದರೊಳಗೇ ಇಳಿಯುತ್ತೇವಲ್ಲ, ಅದೂ ಇದೇ.

ಎರಡನೇ ವಾರ ಬ್ರೇಕ್. ‘ಮುಂದಿನ ಬ್ರೇಕ್ ಹಿಡದ್ರ ಪಲ್ಟಿ ಹೊಡೀತಿ’ ಎಂದು ನಮಗೆಲ್ಲ ಮೊದಲ ದಿನವೇ ಯಾರಾದರೂ ಹೇಳಿರುತ್ತಾರೆ. ಹೆದರಿ ನಾವು ಜೀವನಪೂರ್ತಿ ಹಿಂದಿನ ಬ್ರೇಕನ್ನೇ ತುಳಿಯುತ್ತೇವೆ. ಬ್ರೇಕ್ ಹಾಕಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಗಾಲಿಗೆ ಹಿಡಿತ ಹೆಚ್ಚುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಹಾಗಾಗಿ ಹೆಚ್ಚಿನ ಕೆಲಸ ಮಾಡಬೇಕಾದದ್ದು ಮುಂದಿನ ಬ್ರೇಕೇ. ಆದರೆ ಗಬಕ್ಕನೆ ಹಿಡಿಯಬಾರದು, ನಿಂಬೆಹಣ್ಣು ಹಿಂಡಿದ ಹಾಗೆ ಒತ್ತಡ ಏರಿಸುತ್ತ ಹೋಗಬೇಕು. ಗಾಡಿ ನೆಟ್ಟಗಿರಬೇಕು, ಕಣ್ಣು ಮುಂದಿರಬೇಕು. ಹಸಿ ರಸ್ತೆಯಲ್ಲಿ ಇನ್ನೂ ಮೆತ್ತಗೆ, ಇನ್ನೂ ಮೊದಲೇ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎಬಿಎಸ್ ಇಲ್ಲವೇ ಎರಡೂ ಗಾಲಿಗೆ ಒಟ್ಟಿಗೆ ಹಿಡಿಯುವ ಕಾಂಬಿ ಬ್ರೇಕ್ ಕಡ್ಡಾಯವಾಗಿದೆ. ಅಪ್ಪನ ಗಾಡಿ ಅದಕ್ಕಿಂತ ಹಳೆಯದು. ನನ್ನ ಕೈಕಾಲೇ ನನ್ನ ಎಬಿಎಸ್. 20 ಕಿ.ಮೀ. ವೇಗದಿಂದ ಶುರುಮಾಡಿ 30, ಆಮೇಲೆ 40. ದಿನಕ್ಕೆ ಇಪ್ಪತ್ತು ಸಲ ನಿಲ್ಲಿಸಿದೆ.

ಲೆಕ್ಕವನ್ನೂ ಹಾಕಿ ನೋಡಿದೆ. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದುಕೊಳ್ಳಿ. ಒಣ ಡಾಂಬರಿನ ಮೇಲೆ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ 40ರ ವೇಗದಲ್ಲಿ ನಿಲ್ಲಲು ಸುಮಾರು 20 ಮೀಟರ್ ಬೇಕು. 60ಕ್ಕೆ 37 ಮೀಟರ್. 80ಕ್ಕೆ 58. ವೇಗ ಎರಡು ಪಟ್ಟು ಆದರೆ ದೂರ ಸುಮಾರು ಮೂರು ಪಟ್ಟು. ಅದೂ ಬ್ರೇಕ್ ಹಾಕಲು ಬರುವವರಿಗೆ.

ಮೂರನೇ ವಾರ ರಸ್ತೆ. ಹೆಲ್ಮೆಟ್ಟಿನೊಳಗೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಓಡಿಸಬೇಕು ಎಂಬುದು ಕಾಕಾನ ಆಜ್ಞೆ. ‘ಮುಂದ ಟ್ರ್ಯಾಕ್ಟರ್, ಹಿಂದ ಲೈಟ್ ಇಲ್ಲ. ಎಡಕ್ಕ ಹೊಲದ ದಾರಿ, ಮಣ್ಣು ಇರಬಹುದು. ರಸ್ತಾದ ಮ್ಯಾಲ ಹೆಸರಿನ ರಾಶಿ ಹಾಕ್ಯಾರ, ಅದರ ಮ್ಯಾಲ ಬ್ರೇಕ್ ಬ್ಯಾಡ, ತಿರುವು ಬ್ಯಾಡ.’ ಮೊದಲು ನಗು ಬಂತು. ಎರಡು ದಿನ ಕಳೆದ ಮೇಲೆ, ನಾನು ಇಷ್ಟು ದಿನ ಇವನ್ನೆಲ್ಲ ನೋಡದೆಯೇ ಹೋಗುತ್ತಿದ್ದೆ ಎಂಬುದು ಗೊತ್ತಾಗಿ ನಗು ನಿಂತಿತು.

ಹೊರಡುವ ಮುಂಚಿನ ಎರಡು ನಿಮಿಷವೂ ಪಾಠವೇ. ಟೈರಿನ ಗಾಳಿ, ಚೈನಿನ ಬಿಗಿ, ಎರಡೂ ಬ್ರೇಕಿಗೆ ಹಿಂದಿನ ಲೈಟ್ ಹೊತ್ತುತ್ತದೆಯೇ, ಇಂಡಿಕೇಟರ್, ಕನ್ನಡಿ. ಐಎಸ್‌ಐ ಗುರುತಿನ ಹೆಲ್ಮೆಟ್, ಪಟ್ಟಿ ಬಿಗಿದಿರಬೇಕು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಬೇಡ. ಹುಡುಗಿಯರಿಗೆ ಇನ್ನೊಂದು: ವೇಲ್ ಬಿಚ್ಚಿ ಬ್ಯಾಗಿನಲ್ಲಿಡಿ. ಅದು ಚೈನಿಗೆ, ಗಾಲಿಗೆ ಸಿಕ್ಕರೆ ಯಾವ ಬ್ರೇಕೂ ಕಾಯುವುದಿಲ್ಲ.

ಪರೀಕ್ಷೆಯ ದಿನ ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ಹೊರಟೆ. ಕಾಕಾ ತಮ್ಮ ಬುಲೆಟ್ ಮೇಲೆ ಹಿಂದೆ ಬಂದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಹುಬ್ಬಳ್ಳಿ ಹತ್ತಿರ ಒಂದು ಬಸ್ ನಿಂತು ಜನರನ್ನು ಇಳಿಸುತ್ತಿತ್ತು. ಬಲಕ್ಕೆ ಸರಿದು ಅದೇ ವೇಗದಲ್ಲಿ ದಾಟಿದೆ. ಕಾಕಾ ಹಾರ್ನ್ ಹೊಡೆದು ನಿಲ್ಲಿಸಿದರು. ‘ಫೇಲ್.’

‘ಯಾರೂ ಅಡ್ಡ ಬರಲಿಲ್ಲಲ್ಲ ಕಾಕಾ?’

‘ಬಂದಿದ್ರ ಏನ್ ಮಾಡ್ತಿದ್ದಿ?’

ನನ್ನ ಬಳಿ ಉತ್ತರವಿರಲಿಲ್ಲ. ‘ಕಣ್ಣಿಗೆ ಕಾಣೋವಷ್ಟು ದೂರದಾಗ ನಿಲ್ಲಾಕ ಬರಬೇಕು. ಬಸ್ಸಿನ ಮುಂದ ನಿನಗ ಕಾಣ್ತಿತ್ತೇನು?’ ಅಂದವರೇ ಗಾಡಿ ತಿರುಗಿಸಿದರು. ತಿಂಗಳ ಕಲಿಕೆಯೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು ಎಂದು ಈಗ ಅನ್ನಿಸುತ್ತದೆ. ಏನೂ ಆಗಲಿಲ್ಲ ಎಂಬುದನ್ನೇ ನಾವು ಚೆನ್ನಾಗಿ ಓಡಿಸಿದ್ದಕ್ಕೆ ಸಾಕ್ಷಿ ಅಂದುಕೊಂಡಿರುತ್ತೇವೆ.

ಆಮೇಲೆ ಓದುವಾಗ ತಿಳಿಯಿತು, ಇಂಥ ಪರೀಕ್ಷೆ ಬೇರೆ ಕಡೆ ನಿಜವಾಗಿಯೂ ಇದೆ. ಬ್ರಿಟನ್ನಿನಲ್ಲಿ ಬೈಕ್ ಲೈಸೆನ್ಸ್ ಬೇಕಾದರೆ ಗಂಟೆಗೆ ಕನಿಷ್ಠ 50 ಕಿ.ಮೀ. ವೇಗದಲ್ಲಿ ತುರ್ತು ಬ್ರೇಕ್ ಹಾಕಿ ತೋರಿಸಬೇಕು, ಅಡ್ಡ ಬಂದದ್ದನ್ನು ತಪ್ಪಿಸಿಯೂ ತೋರಿಸಬೇಕು. ಅದರ ಮೇಲೆ, ಬೇಕೆನಿಸಿದವರು ತೆಗೆದುಕೊಳ್ಳುವ ‘ಅಡ್ವಾನ್ಸ್ಡ್’ ಪರೀಕ್ಷೆ ಬೇರೆ. 1956ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಮೋಟರಿಸ್ಟ್ಸ್ ಅದನ್ನು ನಡೆಸುತ್ತದೆ. ಪರೀಕ್ಷಕರು ನಮ್ಮ ಕಾಕಾನಂತೆಯೇ ಇನ್ನೊಂದು ಬೈಕಿನಲ್ಲಿ ಹಿಂದೆ ಬರುತ್ತಾರೆ. ಅಲ್ಲಿನ ಪೊಲೀಸ್ ಸವಾರರ ಕೈಪಿಡಿ ‘ಮೋಟರ್‌ಸೈಕಲ್ ರೋಡ್‌ಕ್ರಾಫ್ಟ್’ ಹೇಳಿಕೊಡುವ ಕ್ರಮ ಸರಳ: ಮೊದಲು ಸುತ್ತ ನೋಡು, ನಿಲುವಿನ ಜಾಗ ಆರಿಸು, ವೇಗ ಹೊಂದಿಸು, ಗಿಯರ್ ಬದಲಿಸು, ಕೊನೆಗೆ ಆಕ್ಸಿಲರೇಟರ್ ತಿರುವು. ನಾವು ಮಾಡುವುದು ಇದರ ತಲೆಕೆಳಗು.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಇದಕ್ಕೆಲ್ಲ ಸವಾರರ ಕಲಿಕೆಯೊಂದೇ ಕಾರಣವಲ್ಲ, ಗುಂಡಿ ಬಿದ್ದ ರಸ್ತೆ, ದೀಪವಿಲ್ಲದ ಟ್ರೇಲರ್ ಕೂಡ ಇವೆ. ಆದರೆ ಗುಂಡಿ ಮುಚ್ಚುವುದು ನನ್ನ ಕೈಯಲ್ಲಿಲ್ಲ. ಬ್ರೇಕ್ ನನ್ನ ಕೈಯಲ್ಲಿದೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ನಮ್ಮ ರಾಜ್ಯದಲ್ಲೂ ಲೈಸೆನ್ಸ್ ನಂತರದ ಒಂದು ಐಚ್ಛಿಕ ಪರೀಕ್ಷೆ ಇರಲಿ. ಕಾಲೇಜುಗಳು ವರ್ಷಕ್ಕೆ ಎರಡು ದಿನ ಮೈದಾನ ಬಿಟ್ಟುಕೊಡಲಿ. ಹೇಳಿಕೊಡಲು ನಿವೃತ್ತ ಸೈನಿಕರು, ಪೊಲೀಸರು ಊರೂರಿನಲ್ಲಿ ಇದ್ದಾರೆ. ‘ಸ್ವಂತ ಬೈಕ್ ಇರಬೇಕು’ ಎಂದು ಬರೆಯುವ ಕಂಪನಿಗಳು ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಒಂದು ದಿನವಾದರೂ ಬ್ರೇಕ್ ಕಲಿಸಲಿ. ನಮ್ಮ ಬೈಕಿನ ಮೇಲೆ ಅವರ ವ್ಯಾಪಾರ ಓಡುತ್ತಿದೆ, ಇಷ್ಟು ಕೇಳುವುದು ತಪ್ಪಲ್ಲ.

ಹತ್ತು ದಿನದ ನಂತರ ಎರಡನೇ ಪರೀಕ್ಷೆ. ಅದೇ ನಿಲ್ದಾಣದಲ್ಲಿ ಇನ್ನೊಂದು ಬಸ್ ನಿಂತಿತ್ತು. ವೇಗ ಇಳಿಸಿ, ಬೆರಳು ಬ್ರೇಕಿನ ಮೇಲಿಟ್ಟು, ಬಾಗಿಲಿನಷ್ಟು ಜಾಗ ಬಿಟ್ಟು ಮೆಲ್ಲಗೆ ದಾಟಿದೆ. ಬಸ್ಸಿನ ಮುಂದಿನಿಂದ ಯಾರೂ ಬರಲಿಲ್ಲ. ಕಾಕಾ ಹಾರ್ನ್ ಹೊಡೆಯಲಿಲ್ಲ. ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಆ ದಿನ ಚಾವಿ ವಾಪಸ್ ಕೇಳಲಿಲ್ಲ. ‘ನಾಳೆ ಎಷ್ಟ ಗಂಟೆಕ ಹೋಗ್ತಿ?’ ಎಂದಷ್ಟೇ ಕೇಳಿದರು.