ಏಣಿ ಎಲ್ಲಿದೆ?

ನಮ್ಮ ಮಡಿವಾಳ ಸೇರಿದ ಬಿಟಿಎಂ ಲೇಔಟ್ ಕ್ಷೇತ್ರದಲ್ಲಿ ರಾಮಲಿಂಗಾ ರೆಡ್ಡಿಯವರು 2008ರಿಂದ 2023ರವರೆಗೆ ಸತತ ನಾಲ್ಕು ಚುನಾವಣೆ ಗೆದ್ದರು. ಅದಕ್ಕೂ ಮೊದಲು ಜಯನಗರದಲ್ಲಿ ನಾಲ್ಕು. 1989ರಲ್ಲಿ ಅವರು ಶಾಸಕರಾದಾಗ ನಾನು ಹುಟ್ಟಿರಲಿಲ್ಲ. ಈಗ ಪಿಎಚ್‌ಡಿ ಮಾಡುತ್ತಿದ್ದೇನೆ.

ಜನ ಗೆಲ್ಲಿಸಿದ್ದಾರೆ, ತಕರಾರಿಲ್ಲ. ನನ್ನ ತಕರಾರು ‘ಯುವಕರಿಗೆ ಅವಕಾಶ’ ಎಂಬ ಭಾಷಣದ ಬಗ್ಗೆ. 2018ರಲ್ಲಿ ಜಯನಗರಕ್ಕೆ ಬಂದ ಹೊಸ ತಲೆಮಾರು ಅವರ ಮಗಳು ಸೌಮ್ಯಾ ರೆಡ್ಡಿ. 2019ರಲ್ಲಿ 28ರ ಹರೆಯಕ್ಕೆ ಸಂಸದರಾದ ಬಿಜೆಪಿಯ ತೇಜಸ್ವಿ ಸೂರ್ಯ, ಶಾಸಕ ರವಿ ಸುಬ್ರಹ್ಮಣ್ಯರ ಸಹೋದರನ ಮಗ.

ಮನೆತನವಿಲ್ಲದವರಿಗೆ ಏಣಿಯೆಂದರೆ ವಾರ್ಡು. ರೆಡ್ಡಿಯವರೂ ಪಾಲಿಕೆ ಸದಸ್ಯರಾಗಿಯೇ ಹತ್ತಿದವರು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಎರಡೂ ಪಕ್ಷಗಳು ಸರ್ಕಾರ ನಡೆಸಿದವು. ವರ್ಷಗಟ್ಟಲೆ ಪಾಲಿಕೆ ಚುನಾವಣೆ ಮಾತ್ರ ನಡೆಸಲಿಲ್ಲ.

ಹಿರಿಯರು ಕುರ್ಚಿ ಬಿಡಬೇಕಿಲ್ಲ. ತಾವು ಹತ್ತಿದ ಏಣಿಯನ್ನು ವಾಪಸ್ ಇಡಲಿ. ಸೋಲುವುದಕ್ಕಾದರೂ ನಮಗೊಂದು ಜಾಗ ಬೇಕು.